ಹಡಗಿನಿಂದ ಇಳಿದವರು, ಜಾತ್ರೆಗೆ ಬಂದವರು

ಗ್ರೀಸ್ ದೇಶದ ಸ್ಯಾಂಟೊರಿನಿ ದ್ವೀಪದಲ್ಲಿ ಕಾಯಂ ಆಗಿ ನೆಲೆಸಿರುವವರು ಸುಮಾರು ಹದಿನೈದೂವರೆ ಸಾವಿರ ಮಂದಿ. 2023ರಲ್ಲಿ ಅಲ್ಲಿಗೆ ಬಂದುಹೋದ ಪ್ರವಾಸಿಗರು ಸುಮಾರು 34 ಲಕ್ಷ. ಅಂದರೆ ಒಬ್ಬ ನಿವಾಸಿಗೆ ಇನ್ನೂರಕ್ಕೂ ಹೆಚ್ಚು ಅತಿಥಿಗಳು! ಇವರಲ್ಲಿ ದೊಡ್ಡದೊಂದು ಪಾಲು ವಿಹಾರ ಹಡಗುಗಳಲ್ಲಿ ಬರುವವರದು. ಬೆಳಿಗ್ಗೆ ಹಡಗು ಲಂಗರು ಹಾಕುತ್ತದೆ. ಸಣ್ಣ ದೋಣಿಗಳು ಜನರನ್ನು ದಡಕ್ಕೆ ತಂದು ಬಿಡುತ್ತವೆ. ಕಡಿದಾದ ಬಂಡೆಯ ನೆತ್ತಿಯ ಮೇಲಿರುವ ಫಿರಾ ಪಟ್ಟಣಕ್ಕೆ ಹೋಗಬೇಕಾದರೆ ಸುಮಾರು 600 ಮೆಟ್ಟಿಲು ಹತ್ತಬೇಕು, ಇಲ್ಲವೇ ಹಗ್ಗದ ದಾರಿಯ ತೊಟ್ಟಿಲಿಗೆ ಸರದಿ ನಿಲ್ಲಬೇಕು, ಅದೂ ಬೇಡವೆಂದರೆ ಕತ್ತೆ ಏರಬೇಕು. ಕತ್ತೆಗಳ ಪಾಡು ನೋಡಲಾರದೆ 2018ರಲ್ಲಿ ಗ್ರೀಕ್ ಸರ್ಕಾರ, ನೂರು ಕಿಲೋಗಿಂತ ಹೆಚ್ಚು ಭಾರ ಹೇರಬಾರದೆಂಬ ನಿಯಮವನ್ನೇ ತಂದಿತು.

ಸಂಜೆಯಾಗುತ್ತಲೇ ಬಂದವರು ಹಡಗಿಗೆ ಮರಳುತ್ತಾರೆ. ಊಟ, ನಿದ್ದೆ ಎರಡೂ ಹಡಗಿನಲ್ಲೇ. ದ್ವೀಪಕ್ಕೆ ಉಳಿಯುವುದು ಕಸ, ನೀರಿನ ಕೊರತೆ, ಕಿಕ್ಕಿರಿದ ಓಣಿಗಳು ಮತ್ತು ಒಂದಷ್ಟು ಚಿಲ್ಲರೆ ವ್ಯಾಪಾರ. ಮನೆಗಳೆಲ್ಲ ಪ್ರವಾಸಿಗರ ವಸತಿಯಾಗಿ ಬದಲಾಗಿದ್ದರಿಂದ ಅಲ್ಲಿಗೆ ವರ್ಗವಾಗಿ ಬಂದ ಶಿಕ್ಷಕರಿಗೆ, ವೈದ್ಯರಿಗೆ ಬಾಡಿಗೆ ಮನೆ ಸಿಗುವುದೇ ಕಷ್ಟ. ಕೊನೆಗೆ 2025ರಿಂದ ಹಡಗಿನ ಪ್ರಯಾಣಿಕರ ಸಂಖ್ಯೆಯನ್ನು ದಿನಕ್ಕೆ 8,000ಕ್ಕೆ ಮಿತಿಗೊಳಿಸಲಾಯಿತು. ಅದೇ ವರ್ಷದ ಜುಲೈನಿಂದ, ಪ್ರವಾಸದ ಭರಾಟೆಯ ತಿಂಗಳುಗಳಲ್ಲಿ ತಲೆಗೆ 20 ಯೂರೋ ಶುಲ್ಕವೂ ಬಂದಿತು.

ಕಡಲಿನಿಂದ ನೂರಾರು ಮೈಲಿ ದೂರದ ಕಲಬುರಗಿಗೂ ಈ ಕಥೆಗೂ ಏನು ಸಂಬಂಧ ಎಂದು ಕೇಳಬಹುದು. ಸಂಬಂಧವಿದೆ. ಕೆಲವೇ ದಿನಗಳ ಮಟ್ಟಿಗೆ ಲಕ್ಷಾಂತರ ಜನರನ್ನು ಬರಮಾಡಿಕೊಂಡು, ಉಣಬಡಿಸಿ, ಕಳುಹಿಸಿಕೊಡುವುದು ಈ ಸೀಮೆಗೆ ಹೊಸತೇನಲ್ಲ. ಹಡಗಿನಿಂದ ಇಳಿದು ಬಂದ ಪರದೇಶಿಯೊಬ್ಬ ಇಲ್ಲಿನ ಜನಜಂಗುಳಿಯನ್ನು ಕಂಡು ಬರೆದಿಟ್ಟು ಐದೂವರೆ ಶತಮಾನಗಳೇ ಕಳೆದಿವೆ.

ಕುದುರೆ ಮಾರಲು ಬಂದವ

ಆತನ ಹೆಸರು ಅಫಾನಾಸಿ ನಿಕಿತಿನ್. ರಷ್ಯಾದ ತ್ವೇರ್ ಪಟ್ಟಣದ ವ್ಯಾಪಾರಿ. ವೋಲ್ಗಾ ನದಿಯಲ್ಲಿ ಹೊರಟಾಗ ದಾರಿಯಲ್ಲೇ ದರೋಡೆಗೆ ಸಿಕ್ಕಿ ಸರಕೆಲ್ಲ ಕಳೆದುಕೊಂಡ. ಆದರೂ ಹಿಂತಿರುಗದೆ ಪರ್ಷಿಯಾ ದಾಟಿ, ಹೊರ್ಮುಜ್ ಬಂದರಿನಲ್ಲಿ ಹಡಗು ಹತ್ತಿ, 1470ರ ಆಸುಪಾಸಿನಲ್ಲಿ ಕೊಂಕಣ ತೀರದ ಚೌಲ್‌ನಲ್ಲಿ ಇಳಿದ. ಜೊತೆಯಲ್ಲಿದ್ದದ್ದು ಮಾರಾಟಕ್ಕೆಂದು ತಂದ ಒಂದು ಕುದುರೆ. ವಾಸ್ಕೋ ಡ ಗಾಮ ಕಲ್ಲಿಕೋಟೆ ತಲುಪಿದ್ದು 1498ರಲ್ಲಿ ಎಂಬುದನ್ನು ನೆನಪಿಟ್ಟುಕೊಂಡರೆ ನಿಕಿತಿನ್ ಎಷ್ಟು ಮುಂಚಿನವ ಎಂಬುದು ತಿಳಿಯುತ್ತದೆ.

ಆಗ ದಖನ್ನಿನಲ್ಲಿ ಬಹಮನಿ ಸುಲ್ತಾನರ ಆಳ್ವಿಕೆ. 1347ರಲ್ಲಿ ಅಲಾವುದ್ದೀನ್ ಹಸನ್ ಬಹಮನ್ ಶಾ ಸ್ಥಾಪಿಸಿದ ಈ ರಾಜ್ಯಕ್ಕೆ ಮೊದಲು ಕಲಬುರಗಿಯೇ ರಾಜಧಾನಿ. ಅಹ್ಮದ್ ಶಾನ ಕಾಲದಲ್ಲಿ (1422–1436) ರಾಜಧಾನಿ ಬೀದರಿಗೆ ಹೋಯಿತು. ನಿಕಿತಿನ್ ಬಂದಾಗ ಬೀದರಿನಲ್ಲಿ ಮಹಮೂದ್ ಗವಾನನ ಪ್ರಭಾವ ಉತ್ತುಂಗದಲ್ಲಿತ್ತು. ದಖನ್ನಿನ ಸೇನೆಗಳಿಗೆ ಬೇಕಾದ ಒಳ್ಳೆಯ ಕುದುರೆಗಳು ಬರುತ್ತಿದ್ದುದು ಸಮುದ್ರದಾಚೆಯಿಂದ. ಹೀಗಾಗಿ ಒಂದೇ ಒಂದು ಕುದುರೆಯನ್ನು ನಂಬಿಕೊಂಡು ಅಷ್ಟು ದೂರ ಬರುವ ಧೈರ್ಯ ವ್ಯಾಪಾರಿಗೆ ಇತ್ತು.

ತನ್ನ ಪ್ರವಾಸದ ಟಿಪ್ಪಣಿಗಳಲ್ಲಿ ನಿಕಿತಿನ್ ಶೇಖ್ ಅಲಾವುದ್ದೀನನ ಹೆಸರಿನ ಒಂದು ಜಾತ್ರೆಯನ್ನು ವರ್ಣಿಸುತ್ತಾನೆ. ಬೀದರಿನಿಂದ ಹನ್ನೆರಡು ಹರದಾರಿ ದೂರ, ವರ್ಷಕ್ಕೊಮ್ಮೆ ಸೇರುತ್ತದೆ, ಹತ್ತು ದಿನ ವ್ಯಾಪಾರ ನಡೆಯುತ್ತದೆ, ದೇಶದ ಮೂಲೆ ಮೂಲೆಯಿಂದ ಜನ ಬರುತ್ತಾರೆ, ಮಾರಾಟಕ್ಕೆ ಬರುವ ಕುದುರೆಗಳೇ ಇಪ್ಪತ್ತು ಸಾವಿರ ಎಂಬುದು ಅವನ ವಿವರ. ಈ ಸ್ಥಳವನ್ನು ವಿದ್ವಾಂಸರು ಕಲಬುರಗಿ ಜಿಲ್ಲೆಯ ಆಳಂದ ಎಂದು ಗುರುತಿಸಿದ್ದಾರೆ. ಲಾಡ್ಲೆ ಮಶಾಕ್ ಎಂದು ಜನ ಕರೆಯುವ ಶೇಖ್ ಅಲಾವುದ್ದೀನ್ ಅನ್ಸಾರಿಯವರ ದರ್ಗಾ ಇಂದಿಗೂ ಅಲ್ಲಿದೆ. ಇಪ್ಪತ್ತು ಸಾವಿರ ಎಂಬ ಲೆಕ್ಕವನ್ನು ಅಕ್ಷರಶಃ ನಂಬಬೇಕಿಲ್ಲ. ಆದರೆ ಪರದೇಶಿಯ ಕಣ್ಣಿಗೆ ಎಣಿಸಲಾಗದಷ್ಟು ದೊಡ್ಡದಾಗಿ ಕಂಡ ಜಾತ್ರೆ ಅದಾಗಿತ್ತು ಎಂಬುದಂತೂ ಸ್ಪಷ್ಟ.

ಇನ್ನೊಂದು ಮಾತು. ಬಂದವರಿಂದ ಶುಲ್ಕ ವಸೂಲು ಮಾಡುವುದು ಗ್ರೀಕರ ಹೊಸ ಯುಕ್ತಿಯಲ್ಲ. ಇಲ್ಲಿ ಮೆಣಸು, ಬಣ್ಣ ಅಗ್ಗವೇನೋ ಹೌದು, ಆದರೆ ಸುಂಕ ವಿಪರೀತ, ಕಡಲಲ್ಲಿ ಕಳ್ಳರೂ ಬಹಳ ಎಂದು ನಿಕಿತಿನ್ ಕೂಡ ಗೊಣಗಿದ್ದಾನೆ. ಮರಳುವಾಗ ಕಲಬುರಗಿಯನ್ನು ಹಾದು ದಾಭೋಲ್ ಬಂದರಿನಲ್ಲಿ ಹಡಗು ಹತ್ತಿದ ಆತ, ಊರು ಸೇರುವ ಮೊದಲೇ ಸ್ಮೋಲೆನ್ಸ್ಕ್ ಬಳಿ ತೀರಿಕೊಂಡ.

ಉರುಸು ಮತ್ತು ದಾಸೋಹ

ರಾಜಧಾನಿ ಹೋದ ಮೇಲೆ ಎಷ್ಟೋ ಊರುಗಳು ಹಾಳುಬಿದ್ದಿವೆ. ಕಲಬುರಗಿ ಹಾಗಾಗಲಿಲ್ಲ. ಅದಕ್ಕೆ ಒಂದು ಮುಖ್ಯ ಕಾರಣ ಖ್ವಾಜಾ ಬಂದೇನವಾಜರ ದರ್ಗಾ. ಸೈಯದ್ ಮುಹಮ್ಮದ್ ಹುಸೈನಿ ಗೇಸುದರಾಜ್ ಎಂಬ ಈ ಸಂತರು ತೈಮೂರನ ದಾಳಿಯ ಹೊತ್ತಿನಲ್ಲಿ, 1398ರಲ್ಲಿ ದೆಹಲಿ ಬಿಟ್ಟು, ಫಿರೋಜ್ ಶಾ ಬಹಮನಿಯ ಕಾಲದಲ್ಲಿ ಕಲಬುರಗಿಗೆ ಬಂದರು. ಆಗಲೇ ಅವರಿಗೆ ಎಂಬತ್ತರ ಸಮೀಪದ ವಯಸ್ಸು. 1422ರಲ್ಲಿ ಇಲ್ಲಿಯೇ ದೇಹ ಬಿಟ್ಟರು. ಅಂದಿನಿಂದ ಜಿಲ್ಕಾದ್ ತಿಂಗಳ ಉರುಸಿಗೆ ಜನ ಬರುತ್ತಲೇ ಇದ್ದಾರೆ. ಗಂಧದ ಮೆರವಣಿಗೆಯನ್ನು ನೋಡಲು ಸೇರುವವರಲ್ಲಿ ಮುಸ್ಲಿಮರಷ್ಟೇ ಅಲ್ಲ, ಹಿಂದೂಗಳೂ ಇದ್ದಾರೆ. ಹೈದರಾಬಾದ್ ಕಡೆಯಿಂದ, ಮಹಾರಾಷ್ಟ್ರದಿಂದ ಬಂದವರು ದಿನಗಟ್ಟಲೆ ಉಳಿಯುತ್ತಾರೆ.

ಊರಿನ ಇನ್ನೊಂದು ಭಾಗದಲ್ಲಿ ಶರಣಬಸವೇಶ್ವರರ ಗುಡಿ. ಅರಳಗುಂಡಗಿಯಲ್ಲಿ 1746ರಲ್ಲಿ ಹುಟ್ಟಿದ ಶರಣಬಸವರು ಒಕ್ಕಲುತನದ ಮನೆಯವರು. ಹೊಲಕ್ಕೆ ಬಂದ ಹಕ್ಕಿಗಳನ್ನು ಓಡಿಸದೆ ಕಾಳು ತಿನ್ನಲು ಬಿಟ್ಟರೆಂಬ ಐತಿಹ್ಯವಿದೆ. ಹಸಿದು ಬಂದವರಿಗೆ ಜಾತಿ ಕೇಳದೆ ಅನ್ನವಿಕ್ಕಿದ ಅವರ ದಾಸೋಹ, 1822ರಲ್ಲಿ ಅವರು ಲಿಂಗೈಕ್ಯರಾದ ಮೇಲೂ ನಿಂತಿಲ್ಲ. ಹೋಳಿ ಹುಣ್ಣಿಮೆಯ ನಂತರದ ಐದನೆಯ ದಿನ ತೇರು. ಸುತ್ತಲಿನ ಹಳ್ಳಿಗಳ ಜನ ರೊಟ್ಟಿ ಬುತ್ತಿ ಕಟ್ಟಿಕೊಂಡು ಬರುತ್ತಾರೆ. ತೇರಿನ ಮೇಲೆ ಉತ್ತತ್ತಿ, ಬಾಳೆಹಣ್ಣು ಎಸೆದು ಕೈಮುಗಿಯುತ್ತಾರೆ.

ಈ ಎರಡು ಗುಂಪುಗಳಿಗೂ ಹಡಗಿನ ಗುಂಪಿಗೂ ಇರುವ ವ್ಯತ್ಯಾಸ ಗಮನಾರ್ಹ. ಉರುಸು, ಜಾತ್ರೆ ಎರಡಕ್ಕೂ ಪಂಚಾಂಗದ ಲೆಕ್ಕವಿದೆ. ಊರು ಮೊದಲೇ ಸಜ್ಜಾಗುತ್ತದೆ, ಮುಗಿದ ಮೇಲೆ ಉಸಿರಾಡುತ್ತದೆ. ಬಂದವರು ಊರಿನಲ್ಲೇ ಉಣ್ಣುತ್ತಾರೆ, ಊರಿನಲ್ಲೇ ಮಲಗುತ್ತಾರೆ, ಬಳೆಯಿಂದ ಹಿಡಿದು ಪಾತ್ರೆಯವರೆಗೆ ಊರಿನ ಬೀದಿಯಲ್ಲೇ ಕೊಳ್ಳುತ್ತಾರೆ. ಹಡಗಿನವರಿಗೆ ಊರು ನೋಡುವ ವಸ್ತು. ಜಾತ್ರೆಯವರಿಗೆ ಅದು ಮತ್ತೆ ಮತ್ತೆ ಬರುವ ಜಾಗ. ಹಾಗೆಂದು ಜಾತ್ರೆಯಲ್ಲಿ ಕಸವಿಲ್ಲ, ನೂಕುನುಗ್ಗಲಿಲ್ಲ ಎಂದಲ್ಲ. ಅದರ ಭಾರ ಹೊರುವವರಿಗೆ ಅದರ ಫಲದಲ್ಲೂ ಪಾಲಿದೆ, ಅಷ್ಟೆ.

ಕೋಟೆ ಯಾರಿಗೆ?

ವರ್ಷದ ಉಳಿದ ದಿನಗಳ ಕಥೆಯೇ ಬೇರೆ. ಕೋಟೆಯೊಳಗಿನ ಜಾಮಿ ಮಸೀದಿ 1367ರದು. ಕಟ್ಟಿದವನು ಇರಾನಿನ ಕಜ್ವೀನ್ ಮೂಲದ ರಫಿ. 216 ಅಡಿ ಉದ್ದ, 176 ಅಡಿ ಅಗಲದ ಈ ಮಸೀದಿಗೆ ತೆರೆದ ಅಂಗಳವೇ ಇಲ್ಲ. ಇಡೀ ಕಟ್ಟಡಕ್ಕೆ ಚಾವಣಿ ಇದೆ. ಭಾರತದಲ್ಲಿ ಇಂಥದ್ದು ಅಪರೂಪ. ಕಲಬುರಗಿ, ಬೀದರ್, ವಿಜಯಪುರಗಳ ಸ್ಮಾರಕಗಳು 2014ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿ ಸೇರಿದವು. 2019ರಲ್ಲಿ ವಿಮಾನ ನಿಲ್ದಾಣವೂ ಬಂದಿತು. ಆದರೂ ಹಂಪಿಗೆ, ವಿಜಯಪುರದ ಗೋಳಗುಮ್ಮಟಕ್ಕೆ ಹೋಗುವಂತೆ ಪ್ರವಾಸಿಗರು ಇಲ್ಲಿಗೆ ಬರುತ್ತಿಲ್ಲ.

ಬರಲಿ ಎಂಬ ಆಸೆ ಎಲ್ಲರಿಗೂ ಇದೆ. ಆದರೆ ಬರುವವರಿಗಾಗಿ ಇರುವವರು ಎಷ್ಟು ಬಿಟ್ಟುಕೊಡಬೇಕು? ಕಲಬುರಗಿಯಲ್ಲಿ ಇದು ಬರೀ ಮಾತಿನ ಪ್ರಶ್ನೆಯಲ್ಲ. ಕೋಟೆಯ ಗೋಡೆಗಳ ಒಳಗೆ ತಲೆಮಾರುಗಳಿಂದ ವಾಸವಾಗಿರುವ ಕುಟುಂಬಗಳಿವೆ. ಅವರ ತೆರವು ಮತ್ತು ಪುನರ್ವಸತಿಯ ವಿಷಯ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದೆ. ಸ್ಮಾರಕ ಉಳಿಯಬೇಕೆಂಬ ವಾದದಲ್ಲಿ ನ್ಯಾಯವಿದೆ. ಮನೆ ಬಿಡುವವರಿಗೆ ಮೊದಲು ಸೂರು ಬೇಕೆಂಬ ವಾದದಲ್ಲೂ ನ್ಯಾಯವಿದೆ. ಬಾಡಿಗೆ ಮನೆ ಸಿಗದ ಸ್ಯಾಂಟೊರಿನಿಯ ಶಿಕ್ಷಕನೂ ಇದೇ ಪ್ರಶ್ನೆಯ ಇನ್ನೊಂದು ತುದಿಯಲ್ಲಿ ನಿಂತಿದ್ದಾನೆ.

ಕಮಲಾಪುರದ ದಾರಿ

ಕಲಬುರಗಿಯಿಂದ ಬೀದರಿಗೆ ಹೋಗುವ ರಸ್ತೆ ಕಮಲಾಪುರ, ಹುಮನಾಬಾದ್ ಮೂಲಕ ಸಾಗುತ್ತದೆ. ಎರಡು ರಾಜಧಾನಿಗಳ ನಡುವಿನ ಈ ಸೀಮೆಯ ಹೊಳಕುಂದಾದಲ್ಲಿ ಬಹಮನಿ ಕಾಲದ ಗೋರಿಗಳ ಗುಂಪೊಂದಿದೆ. ಬಸ್ಸಿನಲ್ಲಿ ಹೋಗುವವರಲ್ಲಿ ಇಳಿದು ನೋಡುವವರು ವಿರಳ. ಈಗ ತಾಲೂಕು ಕೇಂದ್ರವಾಗಿರುವ ಕಮಲಾಪುರದ ಹೆಸರು ಹೊರಗಿನವರಿಗೆ ಗೊತ್ತಿರುವುದು ಅಲ್ಲಿನ ಕೆಂಪು ಬಾಳೆಯಿಂದ. ಸಾಮಾನ್ಯ ಬಾಳೆ ಒಂದು ವರ್ಷಕ್ಕೆ ಕೈಗೆ ಬಂದರೆ ಇದಕ್ಕೆ ಹದಿನೆಂಟು ತಿಂಗಳು ಬೇಕು. ಖರ್ಚು ಹೆಚ್ಚು, ಬೆಲೆಯೂ ಹೆಚ್ಚು. ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದ್ದರೂ ಅದನ್ನು ಬೆಳೆಯುವ ನೆಲ ಕಮಲಾಪುರ ಮತ್ತು ಸುತ್ತಲಿನ ಸಣ್ಣ ಪ್ರದೇಶಕ್ಕೆ ಸೀಮಿತ.

2017ರಲ್ಲಿ ಕಲಬುರಗಿ–ಬೀದರ್ ರೈಲು ಮಾರ್ಗ ಪೂರ್ಣಗೊಂಡಿತು. ಪ್ರಯಾಣ ಸುಲಭವಾಯಿತು. ಆದರೆ ನಿಲ್ಲದೆ ಹಾದುಹೋಗುವ ಪ್ರಯಾಣಿಕನಿಂದ ದಾರಿಯ ಊರಿಗೆ ಸಿಗುವುದು ಕಡಿಮೆ. ನವಮಂಗಳೂರು ಬಂದರಿನಲ್ಲೂ ಇದೇ ಮಾತು ಅನ್ವಯಿಸುತ್ತದೆ. ಮಳೆಗಾಲ ಕಳೆದ ಮೇಲೆ ಅಲ್ಲಿಗೆ ವಿಹಾರ ಹಡಗುಗಳು ಬರುತ್ತವೆ. ಇಳಿದವರು ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಕಾರ್ಕಳದ ಗೊಮ್ಮಟ, ಗೇರುಬೀಜದ ಕಾರ್ಖಾನೆ ನೋಡಿಕೊಂಡು ಸಂಜೆಗೆ ಹಡಗು ಸೇರುತ್ತಾರೆ. ಕರ್ನಾಟಕದಲ್ಲಿ ಅವರ ಸಂಖ್ಯೆ ಇನ್ನೂ ಹೊರೆಯಾಗಿಲ್ಲ. ಹೊರೆಯಾಗುವ ಮೊದಲೇ ಯೋಚಿಸುವ ಅವಕಾಶ ನಮಗಿದೆ.

ಪ್ರವಾಸೋದ್ಯಮದ ವರದಿಗಳಲ್ಲಿ ಎದ್ದು ಕಾಣುವುದು ಬಂದವರ ತಲೆ ಎಣಿಕೆ. ಸ್ಯಾಂಟೊರಿನಿ ಆ ಎಣಿಕೆಯಲ್ಲಿ ಗೆದ್ದು, ಬದುಕಿನಲ್ಲಿ ಸೋತು, ಈಗ ಮಿತಿ ಹಾಕುತ್ತಿದೆ. ಕಲಬುರಗಿ ಎಣಿಸಬೇಕಾದದ್ದು ಬೇರೆ: ಬಂದವರು ಎಷ್ಟು ರಾತ್ರಿ ಉಳಿದರು, ಯಾರ ಮನೆಯ ರೊಟ್ಟಿ ಉಂಡರು, ಹೋಗುವಾಗ ಕಮಲಾಪುರದಲ್ಲಿ ಇಳಿದು ಒಂದು ಡಜನ್ ಬಾಳೆಹಣ್ಣನ್ನಾದರೂ ಕೊಂಡರೇ ಎಂಬುದು.