ಕೃಷ್ಣೆ ಇಳಿದ ಮೇಲೆ

ಉಗಾರ ಖುರ್ದ ಎಂದೊಡನೆ ಹೊರಗಿನವರಿಗೆ 1939ರಲ್ಲಿ ಸ್ಥಾಪನೆಯಾದ ಸಕ್ಕರೆ ಕಾರ್ಖಾನೆ ನೆನಪಾಗುತ್ತದೆ. ನಮಗಾದರೋ ಮೊದಲು ನೆನಪಾಗುವುದು ಕೃಷ್ಣೆ. ಮಹಾಪೂರಗಳ ಇತಿಹಾಸವನ್ನು ಹೇಳುವಾಗ ನೀರು ಎಷ್ಟು ಏರಿತು ಎಂಬುದನ್ನಷ್ಟೇ ಹೇಳುವುದು ರೂಢಿ. ನೀರು ಇಳಿದ ಮೇಲೆ ಊರು ಎಷ್ಟು ಬೇಗ ಚೇತರಿಸಿಕೊಂಡಿತು ಎಂಬುದೂ ಇತಿಹಾಸವೇ.

ಹಿಂದಿನ ಕಾಲದಲ್ಲಿ ಹೊಳೆ ಬಂದರೆ ಜನರು ದನಕರುಗಳೊಡನೆ ಎತ್ತರದ ಜಾಗಕ್ಕೆ ಹೋಗುತ್ತಿದ್ದರು. ಇಳಿದ ಮೇಲೆ ಬಾವಿಯ ಕೆಸರು ತೆಗೆದು, ಚಿಮಣಿ ಹಚ್ಚಿ, ಬೀಸುವ ಕಲ್ಲಿನ ಮುಂದೆ ಕೂಡುತ್ತಿದ್ದರು. ಕಷ್ಟಕ್ಕೆ ಕೊರತೆಯಿರಲಿಲ್ಲ. ಆದರೆ ನೀರು, ಬೆಳಕು, ಹಿಟ್ಟು ಒಂದನ್ನೊಂದು ಅವಲಂಬಿಸಿರಲಿಲ್ಲ. ಇಂದು ಕರೆಂಟು ಹೋದರೆ ಜಾಕ್‌ವೆಲ್ಲಿನ ಮೋಟಾರು, ಹಿಟ್ಟಿನ ಗಿರಣಿ, ಮೊಬೈಲ್ ಟವರು, ಒಂದರ ಹಿಂದೊಂದು ನಿಲ್ಲುತ್ತವೆ. ಸುತ್ತಲೂ ನೀರು, ಕುಡಿಯಲು ಮಾತ್ರ ಹನಿಯಿಲ್ಲ.

ಈ ಅವಲಂಬನೆಯ ಪಾಠವನ್ನು ನಮ್ಮ ನದೀಕೊಳ್ಳವು 1967ರಲ್ಲಿಯೇ ಕಲಿಸಿತ್ತು. ಕೊಯ್ನಾ ನದಿಯು ಕರಾಡದಲ್ಲಿ ಕೃಷ್ಣೆಯನ್ನು ಸೇರುತ್ತದೆಯಷ್ಟೆ. ಆ ವರ್ಷ ಡಿಸೆಂಬರ್ 11ರ ನಸುಕಿನಲ್ಲಿ ಸಂಭವಿಸಿದ ಭೂಕಂಪವು ನೂರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಕೊಯ್ನಾ ಅಣೆಕಟ್ಟಿನಲ್ಲಿ ಬಿರುಕುಗಳು ಮೂಡಿದವು. ವಿದ್ಯುತ್ತು ನಿಂತು ದೂರದ ಮುಂಬಯಿಯ ಕಾರ್ಖಾನೆಗಳೂ ಸ್ತಬ್ಧವಾದವು. ಎಂಜಿನಿಯರರು ದುರಸ್ತಿಯನ್ನು ಎರಡು ಹಂತಗಳಲ್ಲಿ ಮಾಡಿದರು. ಮೊದಲು ಬಿರುಕುಗಳಿಗೆ ಎಪಾಕ್ಸಿ ತುಂಬಿ, ಉಕ್ಕಿನ ಹಗ್ಗಗಳಿಂದ ಬಿಗಿದು ಅಣೆಕಟ್ಟನ್ನು ಸುರಕ್ಷಿತಗೊಳಿಸಿದರು. ಅನಂತರ ಹಿಂಬದಿಗೆ ಕಾಂಕ್ರೀಟಿನ ಆನಿಕೆಗಳನ್ನು ಕಟ್ಟಿ, ಅದನ್ನು ಮೊದಲಿಗಿಂತಲೂ ಬಲಪಡಿಸಿದರು. ಇದ್ದುದನ್ನು ಇದ್ದಂತೆಯೇ ಮರಳಿ ನಿಲ್ಲಿಸಿದರೆ ಮುಂದಿನ ಆಪತ್ತಿಗೆ ಅದೇ ದಾರಿ ತೆರೆದಿಟ್ಟಂತೆ ಎಂಬುದನ್ನು ಅವರು ಅರಿತಿದ್ದರು.

ನಮ್ಮ ಭಾಗಕ್ಕೆ ಅಂಥ ಪರೀಕ್ಷೆ ಬಂದದ್ದು 2005ರಲ್ಲಿ, ಮತ್ತೆ 2019ರ ಆಗಸ್ಟಿನಲ್ಲಿ, ಮತ್ತೆ 2021ರಲ್ಲಿ. 2019ರಲ್ಲಿ ಸಾಂಗಲಿಯ ಇರ್ವಿನ್ ಸೇತುವೆಯ ಬಳಿ ನೀರು 57 ಅಡಿಗಳನ್ನು ದಾಟಿ, 2005ರ ಗುರುತನ್ನು ಮೀರಿತು. ಇತ್ತ ಉಗಾರ–ಕುಡಚಿ ಸೇತುವೆ ಮುಳುಗಿತು. 2005ರ ಗುರುತನ್ನೇ ನಂಬಿ ಕಟ್ಟಿದ ಕಟ್ಟೆಯು 2019ರಲ್ಲಿ ಸಾಲದಾಗುತ್ತದೆ ಎಂಬುದು ಇದರಿಂದ ಸ್ಪಷ್ಟ.

ನೀರು ಇಳಿದ ಕೂಡಲೇ ಕರೆಂಟು ಏಕೆ ಬರುವುದಿಲ್ಲ ಎಂದು ಜನ ಸಿಟ್ಟಾಗುವುದು ಸಹಜ. ಆದರೆ ಮುಳುಗಿದ ಟ್ರಾನ್ಸ್‌ಫಾರ್ಮರನ್ನು ಪರೀಕ್ಷಿಸದೆ ಚಾಲೂ ಮಾಡುವಂತಿಲ್ಲ. ಎರೆಭೂಮಿ ನೆನೆದು ವಾಲಿದ ಕಂಬಗಳನ್ನು, ಕಬ್ಬಿನ ಗದ್ದೆಯ ಕೆಸರಿನಲ್ಲಿ ನಡೆದುಹೋಗಿಯೇ ನಿಲ್ಲಿಸಬೇಕು. ನೀರು ಹೊಕ್ಕ ಮೋಟಾರನ್ನು ಒಣಗಿಸಬೇಕು, ಕೆಲವೊಮ್ಮೆ ಹೊಸದಾಗಿ ವೈಂಡಿಂಗ್ ಮಾಡಿಸಬೇಕು. ಅವಸರ ಮಾಡಿದರೆ ಲೈನ್‌ಮನ್ನನ ಪ್ರಾಣಕ್ಕೇ ಸಂಚಕಾರ. ಆದುದರಿಂದ ಯಾವ ಮಾರ್ಗಕ್ಕೆ ಮೊದಲು ವಿದ್ಯುತ್ತು ಎಂಬ ಕ್ರಮವು ಪೂರದ ಮುನ್ನವೇ ನಿಶ್ಚಿತವಾಗಿರಬೇಕು: ಆಸ್ಪತ್ರೆ ಮತ್ತು ಕುಡಿಯುವ ನೀರು ಮೊದಲು, ಉಳಿದವು ಆಮೇಲೆ.

2019ರ ಸೆಪ್ಟೆಂಬರಿನಲ್ಲಿ, ನಮ್ಮ ಹೊಲಗಳ ಕೆಸರು ಇನ್ನೂ ಆರದಿದ್ದಾಗ, ವಿಕೋಪಗಳನ್ನು ತಾಳಿಕೊಳ್ಳುವ ಮೂಲಸೌಕರ್ಯಗಳಿಗಾಗಿ ಭಾರತವು ಒಂದು ಅಂತರರಾಷ್ಟ್ರೀಯ ಒಕ್ಕೂಟವನ್ನು ಘೋಷಿಸಿತು. ದೊಡ್ಡ ಮಾತು, ಒಳ್ಳೆಯ ಮಾತು. ಆದರೆ ಅದರ ಸಾರವನ್ನು ಕೃಷ್ಣಾ ತೀರದ ರೈತನು ತಾನಾಗಿಯೇ ಬಲ್ಲನು. ಮೇಲಿನಿಂದ ನೀರು ಬಿಟ್ಟ ಸುದ್ದಿ ಕಿವಿಗೆ ಬಿದ್ದೊಡನೆ, ನಾಲ್ಕು ಜನರನ್ನು ಕರೆದು, ದಂಡೆಯ ಪಂಪ್‌ಸೆಟ್ಟನ್ನು ಎತ್ತಿ ಮೇಲಿಡುತ್ತಾನೆ. ಹೊಳೆಗಿಂತ ಮೊದಲು ಮೋಟಾರು ಏರಬೇಕೆಂಬುದು ಅವನ ಶಾಸ್ತ್ರ. ತನ್ನ ಹೊಲಕ್ಕೆ ಅವನು ತೋರುವ ಈ ಮುಂದಾಲೋಚನೆ ಊರಿನ ಸೊತ್ತಿಗೂ ಸಲ್ಲಬೇಕಲ್ಲವೇ?

ನನ್ನ ವಿದ್ಯಾರ್ಥಿಗಳಲ್ಲಿ ಇಂದು ಎಂಜಿನಿಯರರಿದ್ದೀರಿ, ಜನಪ್ರತಿನಿಧಿಗಳಿದ್ದೀರಿ. ಮಳೆಗಾಲಕ್ಕೆ ಮುನ್ನ ಒಮ್ಮೆ ನಿಮ್ಮೂರಿನ ಜಾಕ್‌ವೆಲ್ಲಿಗೆ ಹೋಗಿರಿ. 2019ರ ನೀರು ಎಲ್ಲಿಯವರೆಗೆ ಬಂದಿತ್ತೆಂದು ಕೇಳಿರಿ. ಸ್ವಿಚ್‌ಬೋರ್ಡು ಅದಕ್ಕಿಂತ ಮೇಲಿದೆಯೋ ಕೆಳಗಿದೆಯೋ ನೋಡಿರಿ. ಕೆಳಗಿದ್ದರೆ, ಅದನ್ನು ಮೇಲೆತ್ತಿಸುವವರೆಗೆ ಸುಮ್ಮನಿರಬೇಡಿರಿ.