ಆನ್‌ಲೈನ್ ಕೋರ್ಸ್‌ನಲ್ಲಿ ಯಾರಿಂದ ಏನು ನಿರೀಕ್ಷೆ: ಬೆಳೆದು ಬಂದ ಬಗೆ

ಅಧ್ಯಾಪಕರು ಏನು ಮಾಡುತ್ತಾರೆ, ವಿದ್ಯಾರ್ಥಿ ಏನು ಮಾಡಬೇಕು ಎಂಬುದನ್ನು ಆನ್‌ಲೈನ್ ಕೋರ್ಸ್‌ನ ಮೊದಲ ದಿನವೇ ಬರೆದು ತಿಳಿಸುವ ಕ್ರಮ ಇಂದು ಬೋಧನೆಯ ಅಂಗವಾಗಿ ಬೆಳೆದಿದೆ. ವಾರಕ್ಕೆ ಎಷ್ಟು ಗಂಟೆ ಓದಬೇಕು, ಅಸೈನ್‌ಮೆಂಟ್ ಸಲ್ಲಿಸಲು ಕೊನೆಯ ದಿನ ಯಾವುದು, ತಡವಾದರೆ ಏನಾಗುತ್ತದೆ, ಕೇಳಿದ ಪ್ರಶ್ನೆಗೆ ಎಷ್ಟು ಹೊತ್ತಿನಲ್ಲಿ ಉತ್ತರ ಸಿಗುತ್ತದೆ, ತಿದ್ದಿದ ಉತ್ತರ ಯಾವಾಗ ಕೈಸೇರುತ್ತದೆ ಎಂಬುವೆಲ್ಲ ಇದರಲ್ಲಿ ಸೇರುತ್ತವೆ. ಕಾಲೇಜಿನ ಕೋಣೆಯಲ್ಲಿ ಇವುಗಳಲ್ಲಿ ಬಹುಪಾಲನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ. ಗಂಟೆ ಹೊಡೆಯುತ್ತದೆ, ಹಾಜರಿ ಕೂಗುತ್ತಾರೆ, ಪಕ್ಕದ ಬೆಂಚಿನವರು ಎಷ್ಟು ಬರೆದಿದ್ದಾರೆಂಬುದು ಕಣ್ಣಿಗೆ ಬೀಳುತ್ತದೆ, ಪಾಠ ಮುಗಿದ ಮೇಲೆ ಬಾಗಿಲ ಬಳಿ ನಿಂತು ಸಂಶಯ ಕೇಳಬಹುದು. ದೂರದಲ್ಲಿ ಕುಳಿತು ಕಲಿಯುವವರಿಗೆ ಈ ಸುಳಿವುಗಳು ಯಾವುವೂ ಇಲ್ಲ. ಹೇಳದೆ ಬಿಟ್ಟದ್ದು ಅವರಿಗೆ ತಿಳಿಯುವುದೇ ಇಲ್ಲ.

ಈ ಕ್ರಮಕ್ಕೆ ಸುಮಾರು ನೂರೆಂಬತ್ತು ವರ್ಷಗಳ ಹಿನ್ನೆಲೆಯಿದೆ. ಮೊದಮೊದಲು ವಿದ್ಯಾರ್ಥಿ ಪಾಲಿಸಬೇಕಾದ ನಿಯಮಗಳಷ್ಟೇ ಬರವಣಿಗೆಗೆ ಬಂದವು. ಅಧ್ಯಾಪಕರೂ ಮಾತು ಕೊಡಬೇಕು, ಕೊಟ್ಟ ಮಾತನ್ನು ಉಳಿಸಿಕೊಳ್ಳಬೇಕು ಎಂಬ ತಿಳಿವಳಿಕೆ ನಿಧಾನವಾಗಿ ಬಂತು. ಈ ಕ್ಷೇತ್ರದಲ್ಲಿ ಆದ ನಿಜವಾದ ಪ್ರಗತಿ ಅದೇ.

ಅಂಚೆಯ ಕಾಲ

ಇಂಗ್ಲೆಂಡಿನಲ್ಲಿ ಒಂದು ಪೆನ್ನಿಯ ಏಕರೂಪ ಅಂಚೆ ದರ ಜಾರಿಗೆ ಬಂದ 1840ರಲ್ಲಿಯೇ ಐಸಾಕ್ ಪಿಟ್‌ಮನ್ ಅಂಚೆಯ ಮೂಲಕ ಶೀಘ್ರಲಿಪಿ ಕಲಿಸತೊಡಗಿದರು. ಕೊಟ್ಟ ಭಾಗವನ್ನು ವಿದ್ಯಾರ್ಥಿ ಶೀಘ್ರಲಿಪಿಯಲ್ಲಿ ಬರೆದು ಕಳಿಸಬೇಕು, ಅದು ತಿದ್ದುಪಡಿಯೊಂದಿಗೆ ಹಿಂದಿರುಗುತ್ತದೆ. ಸರಳವಾದ ಈ ಏರ್ಪಾಟಿನಲ್ಲಿ ಎರಡೂ ಕಡೆಯ ಕೆಲಸ ಸ್ಪಷ್ಟವಾಗಿತ್ತು. ಅಮೆರಿಕದ ಬಾಸ್ಟನ್‌ನಲ್ಲಿ ಆ್ಯನಾ ಎಲಿಯಟ್ ಟಿಕ್ನರ್ 1873ರಲ್ಲಿ ಮನೆಯಲ್ಲೇ ಓದುವ ಮಹಿಳೆಯರಿಗಾಗಿ ಕಟ್ಟಿದ ಸಂಘ ಇದನ್ನು ಇನ್ನಷ್ಟು ಬೆಳೆಸಿತು. ಅಲ್ಲಿ ಶಿಕ್ಷಕಿಯರೂ ವಿದ್ಯಾರ್ಥಿನಿಯರೂ ತಿಂಗಳಿಗೊಮ್ಮೆ ತಪ್ಪದೆ ಪತ್ರ ಬರೆಯುವ ಪದ್ಧತಿ ಇತ್ತು. ಕಲಿಕೆಗೆ ಗಡುವಿನಷ್ಟೇ ಉತ್ತರದ ನಿಯತಕಾಲವೂ ಮುಖ್ಯ ಎಂಬುದನ್ನು ಈ ಸಂಘ ಆಚರಣೆಯಲ್ಲಿ ತೋರಿಸಿತು.

ಮುಂದೆ ಅಂಚೆ ಶಿಕ್ಷಣ ದೊಡ್ಡದಾಗಿ ಬೆಳೆದಾಗ ಈ ಸಮತೋಲ ಉಳಿಯಲಿಲ್ಲ. ಪಾಠದ ಪುಸ್ತಿಕೆಗಳನ್ನು ಕಳಿಸುವುದು, ಶುಲ್ಕ ಕಟ್ಟಿಸಿಕೊಳ್ಳುವುದು, ಪರೀಕ್ಷೆ ನಡೆಸುವುದು ಸಂಸ್ಥೆಯ ಕೆಲಸವಾಯಿತು. ಓದಿ ಅರ್ಥಮಾಡಿಕೊಳ್ಳುವ ಹೊಣೆ ಪೂರ್ತಿಯಾಗಿ ವಿದ್ಯಾರ್ಥಿಯ ಮೇಲೆ ಬಿತ್ತು. ಭಾರತದಲ್ಲಿ ದೆಹಲಿ ವಿಶ್ವವಿದ್ಯಾನಿಲಯ 1962ರಲ್ಲಿ ಅಂಚೆ ಶಿಕ್ಷಣ ಆರಂಭಿಸಿತು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1969ರಲ್ಲಿ ಹುಟ್ಟಿದ ಅಂಚೆ ತೆರಪಿನ ಶಿಕ್ಷಣ ಸಂಸ್ಥೆ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ಇಂಥ ಸಂಸ್ಥೆಗಳಲ್ಲಿ ಪುಸ್ತಿಕೆಯಲ್ಲಿ ಬಿಟ್ಟುಹೋದದ್ದನ್ನು ತುಂಬಲು ನೆರವಾದದ್ದು ಸಂಪರ್ಕ ತರಗತಿಗಳು. ಪರೀಕ್ಷೆಯಲ್ಲಿ ಏನು ಬರೆಯಬೇಕು, ಯಾವ ಘಟಕಕ್ಕೆ ಎಷ್ಟು ಮಹತ್ವ ಎಂಬುದನ್ನು ಹಲವರು ಮೊದಲ ಬಾರಿಗೆ ತಿಳಿಯುತ್ತಿದ್ದದ್ದು ಅಲ್ಲಿಯೇ.

ಮುಕ್ತ ವಿಶ್ವವಿದ್ಯಾನಿಲಯ ಮತ್ತು ಮೊದಲ ಸಿದ್ಧಾಂತಗಳು

1969ರಲ್ಲಿ ಸ್ಥಾಪನೆಯಾಗಿ 1971ರಲ್ಲಿ ಬೋಧನೆ ಆರಂಭಿಸಿದ ಬ್ರಿಟನ್ನಿನ ಮುಕ್ತ ವಿಶ್ವವಿದ್ಯಾನಿಲಯ ಅಧ್ಯಾಪಕರ ಪಾಲನ್ನು ಮತ್ತೆ ಮುಂದಕ್ಕೆ ತಂದಿತು. ಪಾಠ ಸಿದ್ಧಪಡಿಸುವವರು ಬೇರೆ, ವಿದ್ಯಾರ್ಥಿಯ ಉತ್ತರ ತಿದ್ದುವ ಬೋಧಕರು ಬೇರೆ. ಅಂಕ ಹಾಕಿ ಕಳಿಸಿದರೆ ಬೋಧಕರ ಕೆಲಸ ಮುಗಿಯುತ್ತಿರಲಿಲ್ಲ, ಮುಂದಿನ ಉತ್ತರ ಹೇಗೆ ಸುಧಾರಿಸಬಹುದೆಂದು ವಿವರವಾಗಿ ಬರೆಯಬೇಕಿತ್ತು. ತಿದ್ದಿದ ಉತ್ತರಗಳಲ್ಲಿ ಕೆಲವನ್ನು ಅನುಭವಿ ಪರಿಶೀಲಕರು ಮತ್ತೆ ಓದಿ, ಅಂಕ ನ್ಯಾಯವಾಗಿದೆಯೇ, ಟಿಪ್ಪಣಿ ವಿದ್ಯಾರ್ಥಿಗೆ ಉಪಯೋಗಕ್ಕೆ ಬರುವಂತಿದೆಯೇ ಎಂದು ಬೋಧಕರಿಗೆ ತಿಳಿಸುತ್ತಿದ್ದರು. ಬೋಧಕರ ಕೆಲಸಕ್ಕೂ ಒಂದು ಅಳತೆಗೋಲು ಹೀಗೆ ಸಿದ್ಧವಾಯಿತು.

ಇದೇ ಕಾಲದಲ್ಲಿ ಮೈಕಲ್ ಮೂರ್ 1970ರ ದಶಕದಿಂದ ಬೆಳೆಸಿದ ಚಿಂತನೆ ಕ್ಷೇತ್ರಕ್ಕೆ ತಾತ್ವಿಕ ತಳಹದಿ ಒದಗಿಸಿತು. ದೂರಶಿಕ್ಷಣದಲ್ಲಿ ಎಣಿಕೆಗೆ ಬರುವ ದೂರ ಮೈಲಿಗಳದ್ದಲ್ಲ, ಕಲಿಸುವವರ ಮತ್ತು ಕಲಿಯುವವರ ನಡುವಿನ ತಪ್ಪು ತಿಳಿವಳಿಕೆಯದು ಎಂದು ಅವರು ವಾದಿಸಿದರು. ಕೋರ್ಸ್‌ನ ಕಟ್ಟುನಿಟ್ಟು, ಪರಸ್ಪರ ಸಂವಾದ, ವಿದ್ಯಾರ್ಥಿಯ ಸ್ವಾಯತ್ತತೆ ಎಂಬ ಮೂರು ಅಂಶಗಳು ಈ ದೂರವನ್ನು ನಿರ್ಧರಿಸುತ್ತವೆ. ಸ್ವತಂತ್ರವಾಗಿ ಓದಬಲ್ಲವರಿಗೆ ಸಡಿಲ ಚೌಕಟ್ಟು ಸಾಕು. ಹೊಸಬರಿಗೆ ಹೆಜ್ಜೆ ಹೆಜ್ಜೆಗೂ ದಾರಿ ಹೇಳಬೇಕು, ನಡುನಡುವೆ ಮಾತಾಡಿಸಬೇಕು. ಎಲ್ಲರಿಗೂ ಒಂದೇ ನಿಯಮಪಟ್ಟಿ ಏಕೆ ಸಾಲದು ಎಂಬುದಕ್ಕೆ ಈ ಸಿದ್ಧಾಂತ ಈಗಲೂ ಒಳ್ಳೆಯ ಉತ್ತರ.

1987ರಲ್ಲಿ ಆರ್ಥರ್ ಚಿಕರಿಂಗ್ ಮತ್ತು ಜೆಲ್ಡಾ ಗ್ಯಾಮ್ಸನ್ ಪದವಿ ಶಿಕ್ಷಣಕ್ಕಾಗಿ ಏಳು ತತ್ತ್ವಗಳನ್ನು ಮುಂದಿಟ್ಟರು. ತಡಮಾಡದೆ ಹಿಮ್ಮಾಹಿತಿ ಕೊಡುವುದು, ಕೆಲಸಕ್ಕೆ ಬೇಕಾದ ಸಮಯವನ್ನು ಒತ್ತಿ ಹೇಳುವುದು, ಎತ್ತರದ ನಿರೀಕ್ಷೆಯನ್ನು ವಿದ್ಯಾರ್ಥಿಗೆ ತಿಳಿಯಪಡಿಸುವುದು ಅವುಗಳಲ್ಲಿ ಮೂರು. ಬರೆದದ್ದು ಸಾಮಾನ್ಯ ತರಗತಿಗಳಿಗಾದರೂ, ಮುಂದೆ ಆನ್‌ಲೈನ್ ಕೋರ್ಸ್ ರೂಪಿಸುವವರು ಮತ್ತೆ ಮತ್ತೆ ಮರಳಿದ್ದು ಈ ಏಳು ತತ್ತ್ವಗಳಿಗೆ.

ಕಂಪ್ಯೂಟರ್ ಪರದೆಯ ಮೇಲೆ

1980ರ ದಶಕದ ಆರಂಭದ ಆನ್‌ಲೈನ್ ಕೋರ್ಸ್‌ಗಳು ಅಕ್ಷರಗಳಿಂದಲೇ ನಡೆಯುತ್ತಿದ್ದವು. ಒಬ್ಬರು ಸಂದೇಶ ಬರೆದಿಟ್ಟರೆ ಉಳಿದವರು ಬಿಡುವಾದಾಗ ಓದಿ ಉತ್ತರಿಸುವ ವ್ಯವಸ್ಥೆ ಅದು. ಕ್ಯಾಲಿಫೋರ್ನಿಯಾದ ಅಂಥ ಒಂದು ಕಾರ್ಯಕ್ರಮದಲ್ಲಿ ತೊಡಗಿದ್ದ ತತ್ತ್ವಶಾಸ್ತ್ರಜ್ಞ ಆ್ಯಂಡ್ರೂ ಫೀನ್‌ಬರ್ಗ್ ಒಂದು ಮುಖ್ಯ ಸಂಗತಿಯನ್ನು ಗಮನಿಸಿದರು: ಬರೆದದ್ದಕ್ಕೆ ಉತ್ತರ ಬಾರದಿದ್ದಾಗ ಉಂಟಾಗುವ ಕಳವಳ. ಎದುರಿಗಿದ್ದರೆ ತಲೆಯಾಡಿಸುವುದೂ ಉತ್ತರವೇ. ಪರದೆಯ ಮೇಲೆ ಮೌನಕ್ಕೆ ಹಲವು ಅರ್ಥ. ಓದಿಲ್ಲವೋ, ಒಪ್ಪಿಲ್ಲವೋ, ತಲುಪಿಯೇ ಇಲ್ಲವೋ ಗೊತ್ತಾಗುವುದಿಲ್ಲ. ಅಧ್ಯಾಪಕರ ಉತ್ತರಕ್ಕೆ ಸಮಯ ಗೊತ್ತುಮಾಡುವ ಪದ್ಧತಿಯ ಹಿಂದಿರುವ ಮಾನವೀಯ ಕಾರಣ ಇದು.

1995ರಲ್ಲಿ ಜೇನ್ ಬರ್ಗ್ ಆನ್‌ಲೈನ್ ಅಧ್ಯಾಪಕರ ಕೆಲಸವನ್ನು ಬೋಧನೆ, ಸ್ನೇಹದ ವಾತಾವರಣ, ನಿರ್ವಹಣೆ, ತಾಂತ್ರಿಕ ನೆರವು ಎಂದು ನಾಲ್ಕಾಗಿ ವಿಂಗಡಿಸಿದರು. ವೇಳಾಪಟ್ಟಿ, ನಿಯಮ, ಗಡುವು ನಿರ್ವಹಣೆಯ ಪಾಲಿಗೆ ಬಂದವು. ಅದೇ ಹೊತ್ತಿಗೆ ಜಾಲದಲ್ಲಿ ನಡೆದುಕೊಳ್ಳುವ ಶಿಷ್ಟಾಚಾರದ ಪಟ್ಟಿಗಳೂ ಹುಟ್ಟಿಕೊಂಡು ಕೋರ್ಸ್‌ಗಳೊಳಗೆ ಸೇರಿದವು. 2000ದಲ್ಲಿ ಕೆನಡಾದ ರ‍್ಯಾಂಡಿ ಗ್ಯಾರಿಸನ್, ಟೆರ‍್ರಿ ಆ್ಯಂಡರ್ಸನ್, ವಾಲ್ಟರ್ ಆರ್ಚರ್ ಒಂದು ಹೆಜ್ಜೆ ಮುಂದೆ ಹೋದರು. ಕಲಿಕೆ ನಡೆಯಲು ಚಿಂತನೆ, ಸಹಪಾಠಿಗಳ ಒಡನಾಟ, ಅಧ್ಯಾಪಕರ ಇರುವಿಕೆ ಮೂರೂ ಬೇಕು ಎಂದರು. ಅಧ್ಯಾಪಕರ ಇರುವಿಕೆ ಮೊದಲ ಪಾಠಕ್ಕೂ ಮುಂಚೆ, ಕೋರ್ಸ್ ಯೋಜಿಸುವಾಗಲೇ ಆರಂಭವಾಗುತ್ತದೆ ಎಂಬುದು ಅವರ ನಿಲುವು. ಹಾಗಾಗಿ ನಿರೀಕ್ಷೆಗಳನ್ನು ಬರೆಯುವುದು ಕಚೇರಿ ಕೆಲಸವಾಗಿ ಉಳಿಯಲಿಲ್ಲ, ಕಲಿಸುವ ಕೆಲಸವೇ ಆಯಿತು.

ಮಾನದಂಡ ಮತ್ತು ಕಾನೂನು

ಇಷ್ಟರವರೆಗೆ ಎಲ್ಲವೂ ಸಲಹೆಯ ರೂಪದಲ್ಲಿತ್ತು. ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಕಾಲೇಜುಗಳ ಒಕ್ಕೂಟ 2003ರಲ್ಲಿ ಕೇಂದ್ರ ಸರ್ಕಾರದ ಅನುದಾನದಿಂದ ಆರಂಭಿಸಿದ ‘ಕ್ವಾಲಿಟಿ ಮ್ಯಾಟರ್ಸ್’ ಯೋಜನೆ ಅದನ್ನು ಅಳೆಯಬಹುದಾದ ಮಾನದಂಡವಾಗಿಸಿತು. ಮೂವರು ಸಹ ಅಧ್ಯಾಪಕರ ತಂಡ ಕೋರ್ಸನ್ನು ಎಂಟು ಸಾಮಾನ್ಯ ಮಾನದಂಡಗಳಲ್ಲಿ ಪರಿಶೀಲಿಸುತ್ತದೆ. ಮಾನ್ಯತೆ ಸಿಗಲು ಶೇ. 85ರಷ್ಟು ಅಂಕ ಬೇಕು, ಅನಿವಾರ್ಯವೆಂದು ಗುರುತಿಸಿದ ಅಂಶಗಳಲ್ಲಿ ಒಂದೂ ತಪ್ಪುವಂತಿಲ್ಲ. ಕೋರ್ಸ್‌ನ ಪರಿಚಯ, ಕಲಿಕೆಯ ಗುರಿ, ಅಂಕ ಕೊಡುವ ಕ್ರಮ ಸ್ಪಷ್ಟವಾಗಿರಬೇಕು. ವಿದ್ಯಾರ್ಥಿ ಎಷ್ಟು, ಹೇಗೆ ಭಾಗವಹಿಸಬೇಕೆಂಬುದರ ಜೊತೆಗೆ ಅಧ್ಯಾಪಕರು ವಿದ್ಯಾರ್ಥಿಗಳೊಂದಿಗೆ ಹೇಗೆ ಸಂಪರ್ಕದಲ್ಲಿರುತ್ತಾರೆ ಎಂಬುದೂ ಬರಹದಲ್ಲಿರಬೇಕು.

ಅಮೆರಿಕದ ಕಾನೂನು ಇದನ್ನು ಹಣಕಾಸಿನೊಂದಿಗೆ ಜೋಡಿಸಿತು. ಅಧ್ಯಾಪಕರೊಂದಿಗೆ ನಿಯತವಾದ, ಅರ್ಥಪೂರ್ಣವಾದ ಒಡನಾಟವಿದ್ದರೆ ಮಾತ್ರ ಅದು ದೂರಶಿಕ್ಷಣ, ಇಲ್ಲದಿದ್ದರೆ ಬರೀ ಅಂಚೆ ಕೋರ್ಸ್. ಅಂಚೆ ಕೋರ್ಸ್‌ಗಳೇ ಹೆಚ್ಚಿರುವ ಸಂಸ್ಥೆಯ ವಿದ್ಯಾರ್ಥಿಗಳಿಗೆ ಕೇಂದ್ರದ ನೆರವು ಸಿಗುವುದಿಲ್ಲ. ಈ ನಿಯಮದಡಿ 2017ರಲ್ಲಿ ಶಿಕ್ಷಣ ಇಲಾಖೆಯ ಲೆಕ್ಕಪರಿಶೋಧಕರು ವೆಸ್ಟರ್ನ್ ಗವರ್ನರ್ಸ್ ವಿಶ್ವವಿದ್ಯಾನಿಲಯ 70 ಕೋಟಿ ಡಾಲರ್‌ಗೂ ಹೆಚ್ಚು ನೆರವಿನ ಹಣ ಹಿಂದಿರುಗಿಸಬೇಕೆಂದು ಶಿಫಾರಸು ಮಾಡಿದರು. ನಿಯಮ ಸಾಕಷ್ಟು ಸ್ಪಷ್ಟವಾಗಿರಲಿಲ್ಲ ಎಂಬ ಕಾರಣವನ್ನೂ ಪರಿಗಣಿಸಿ ಇಲಾಖೆ 2019ರಲ್ಲಿ ಆ ಹಣ ಕೇಳದಿರಲು ತೀರ್ಮಾನಿಸಿತು. 2021ರ ಜುಲೈ 1ರಿಂದ ಜಾರಿಗೆ ಬಂದ ಹೊಸ ವ್ಯಾಖ್ಯೆಯ ಪ್ರಕಾರ ಒಡನಾಟ ಮೊದಲೇ ಗೊತ್ತಾಗುವಂಥ ವೇಳಾಪಟ್ಟಿಯಲ್ಲಿ ನಡೆಯಬೇಕು. ವಿದ್ಯಾರ್ಥಿ ಹಿಂದೆ ಬಿದ್ದರೆ ಅವರು ಕೇಳುವ ಮೊದಲೇ ಅಧ್ಯಾಪಕರು ಮುಂದೆ ಬಂದು ವಿಚಾರಿಸಬೇಕು.

ಸಾವಿರಾರು ವಿದ್ಯಾರ್ಥಿಗಳ ಕೋರ್ಸ್‌ಗಳು ಮತ್ತು ಭಾರತ

2011ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಕೃತಕ ಬುದ್ಧಿಮತ್ತೆ ಕೋರ್ಸ್‌ಗೆ ಸುಮಾರು 1,60,000 ಮಂದಿ ಹೆಸರು ನೋಂದಾಯಿಸಿದರು. ಇಷ್ಟು ಜನರಿಗೆ ಒಬ್ಬ ಅಧ್ಯಾಪಕರು ಉತ್ತರಿಸಲಾಗದು. ಹಾಗಾಗಿ ನಿರೀಕ್ಷೆಗಳ ಭಾರ ವೇಳಾಪಟ್ಟಿ, ಸ್ವಯಂಚಾಲಿತ ಪ್ರಶ್ನಾವಳಿ, ಪ್ರಾಮಾಣಿಕತೆಯ ಪ್ರತಿಜ್ಞೆಗಳ ಮೇಲೆ ಬಿತ್ತು. ಇಂಥ ಕೋರ್ಸ್ ಮುಗಿಸುವವರು ಕಡಿಮೆ ಎಂಬ ಟೀಕೆ ಬೇಗನೆ ಬಂತು. ಹಾರ್ವರ್ಡ್‌ನ ಕೋರ್ಸ್‌ಗಳ ಬಗ್ಗೆ ಜಸ್ಟಿನ್ ರೀಚ್ 2014ರಲ್ಲಿ ಪ್ರಕಟಿಸಿದ ಅಧ್ಯಯನ ಈ ಟೀಕೆಗೆ ಇನ್ನೊಂದು ಮುಖ ತೋರಿಸಿತು. ಮುಗಿಸಬೇಕೆಂದೇ ಸೇರಿದವರಲ್ಲಿ ಸರಾಸರಿ ಶೇ. 22ರಷ್ಟು ಜನ ಪ್ರಮಾಣಪತ್ರ ಪಡೆದರೆ, ಸುಮ್ಮನೆ ನೋಡಿಹೋಗಲು ಬಂದವರಲ್ಲಿ ಪಡೆದವರು ಶೇ. 6ರಷ್ಟು. ವಿದ್ಯಾರ್ಥಿ ಕೋರ್ಸ್‌ನಿಂದ ಏನು ಬಯಸಿ ಬಂದಿದ್ದಾರೆಂದು ಮೊದಲೇ ಕೇಳಿಕೊಳ್ಳುವುದೂ ಸ್ಪಷ್ಟತೆಯ ಭಾಗ ಎಂಬುದು ಇದರಿಂದ ಮನದಟ್ಟಾಯಿತು.

ಭಾರತದಲ್ಲಿ ಐಐಟಿಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ 2003ರಲ್ಲಿ ಆರಂಭಿಸಿದ ಎನ್‌ಪಿಟಿಇಎಲ್ ಮೊದಲು ವಿಡಿಯೊ ಪಾಠಗಳ ಭಂಡಾರವಾಗಿತ್ತು. 2014ರಲ್ಲಿ ಪ್ರಮಾಣಪತ್ರದ ಕೋರ್ಸ್‌ಗಳು ಬಂದಾಗ ಲೆಕ್ಕಾಚಾರ ನಿಖರವಾಗಿ ಹೇಳಬೇಕಾಯಿತು. ಅದರ 12 ವಾರದ ಕೋರ್ಸ್‌ನಲ್ಲಿ ಪ್ರತಿ ವಾರವೂ ಒಂದು ಅಸೈನ್‌ಮೆಂಟ್ ಇರುತ್ತದೆ. ಅತಿ ಹೆಚ್ಚು ಅಂಕ ಬಂದ 8ರ ಸರಾಸರಿಯನ್ನು 25 ಅಂಕಗಳಿಗೆ ಇಳಿಸುತ್ತಾರೆ. ಪರೀಕ್ಷಾ ಕೇಂದ್ರದಲ್ಲಿ ಬರೆಯುವ ಪರೀಕ್ಷೆಗೆ ಉಳಿದ 75 ಅಂಕ. ಪ್ರಮಾಣಪತ್ರಕ್ಕೆ ಅಸೈನ್‌ಮೆಂಟ್‌ನಲ್ಲಿ 25ಕ್ಕೆ 10, ಪರೀಕ್ಷೆಯಲ್ಲಿ 75ಕ್ಕೆ 30 ಬೇರೆ ಬೇರೆಯಾಗಿಯೇ ಬರಬೇಕು. ಪರೀಕ್ಷೆಯಲ್ಲಿ 60 ಬಂದು ಅಸೈನ್‌ಮೆಂಟ್‌ನಲ್ಲಿ 8 ಬಂದವರು ಒಟ್ಟು 68 ಇದ್ದರೂ ಪ್ರಮಾಣಪತ್ರಕ್ಕೆ ಅರ್ಹರಲ್ಲ. ನಾಲ್ಕು ವಾರ ತಪ್ಪಿದರೂ ನಷ್ಟವಿಲ್ಲ, ಆದರೆ ಕೊನೆಯ ಪರೀಕ್ಷೆಯೊಂದನ್ನೇ ನಂಬಿದರೆ ಸಾಲದು ಎಂಬುದನ್ನು ಅಂಕದ ನಿಯಮವೇ ಹೇಳುತ್ತದೆ.

2017ರ ಜುಲೈನಲ್ಲಿ ಲೋಕಾರ್ಪಣೆಯಾದ ‘ಸ್ವಯಂ’ ವೇದಿಕೆ ಪ್ರತಿ ಕೋರ್ಸ್‌ಗೆ ವಿಡಿಯೊ, ಓದುವ ಸಾಮಗ್ರಿ, ಸ್ವಮೌಲ್ಯಮಾಪನ, ಚರ್ಚೆ ಎಂಬ ನಾಲ್ಕು ಅಂಗಗಳನ್ನು ಗೊತ್ತುಮಾಡಿತು. 2021ರ ಯುಜಿಸಿ ನಿಯಮದಂತೆ ಒಂದು ಸೆಮಿಸ್ಟರಿನ ಶೇ. 40ರಷ್ಟು ಕೋರ್ಸ್‌ಗಳನ್ನು ಹೀಗೆ ಓದಲು ಅವಕಾಶವಿದೆ. ಕರ್ನಾಟಕದ ಹಲವು ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಇಂಥ ಕೋರ್ಸ್‌ಗಳಿಗೆ ಸ್ಥಳೀಯ ಮಾರ್ಗದರ್ಶಕರಿದ್ದಾರೆ. ಸಂಪರ್ಕ ತರಗತಿಗಳು ಮಾಡುತ್ತಿದ್ದ ಕೆಲಸದ ಒಂದು ಪಾಲನ್ನು ಈಗ ಅವರು ಮಾಡುತ್ತಿದ್ದಾರೆ.

2020ರ ನಂತರ

ಕೋವಿಡ್ ಬಂದಾಗ ಯಾವ ಪೂರ್ವಸಿದ್ಧತೆಯೂ ಇಲ್ಲದೆ ಪಾಠಗಳು ಮೊಬೈಲಿಗೆ ಬಂದವು. ಇದನ್ನು ಯೋಜಿತ ಆನ್‌ಲೈನ್ ಶಿಕ್ಷಣದೊಂದಿಗೆ ಬೆರೆಸಬಾರದು, ಇದು ತುರ್ತು ದೂರಬೋಧನೆ ಎಂದು ಚಾರ್ಲ್ಸ್ ಹಾಜಸ್ ಮತ್ತು ಸಂಗಡಿಗರು 2020ರ ಮಾರ್ಚ್‌ನಲ್ಲೇ ಎಚ್ಚರಿಸಿದರು. ಕರ್ನಾಟಕ ಸರ್ಕಾರ ಜೂನ್‌ನಲ್ಲಿ ಚಿಕ್ಕ ಮಕ್ಕಳ ಆನ್‌ಲೈನ್ ತರಗತಿಗಳನ್ನು ನಿಲ್ಲಿಸಿತು, ಜುಲೈನಲ್ಲಿ ಹೈಕೋರ್ಟ್ ಆ ಆದೇಶಕ್ಕೆ ತಡೆ ನೀಡಿತು. ಅದೇ ತಿಂಗಳು ಬಂದ ಕೇಂದ್ರದ ‘ಪ್ರಜ್ಞಾತ’ ಮಾರ್ಗಸೂಚಿ 1ರಿಂದ 8ನೇ ತರಗತಿಗೆ ದಿನಕ್ಕೆ 30ರಿಂದ 45 ನಿಮಿಷಗಳ ಎರಡು ಅವಧಿ ಮೀರಬಾರದೆಂದಿತು. ಮಕ್ಕಳಿಂದ ಎಷ್ಟು ನಿರೀಕ್ಷಿಸಬಹುದು ಎಂಬುದಕ್ಕೂ ಮೇಲ್ಮಿತಿ ಬೇಕು ಎಂಬುದು ಹೀಗೆ ಸರ್ಕಾರಿ ದಾಖಲೆಯಲ್ಲಿ ಸೇರಿತು.

ಕ್ಯಾಮೆರಾ ಹಾಕಿಕೊಳ್ಳಲೇಬೇಕೇ ಎಂಬ ಪ್ರಶ್ನೆಯೂ ಆಗಲೇ ಎದ್ದಿತು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದ ಫ್ರ್ಯಾಂಕ್ ಕಾಸ್ಟೆಲ್ಲಿ ಮತ್ತು ಮಾರ್ಕ್ ಸರ್ವರಿ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಿದ್ಯಾರ್ಥಿಗಳು ಕೊಟ್ಟ ಕಾರಣಗಳಲ್ಲಿ ತಾವು ಹೇಗೆ ಕಾಣುತ್ತೇವೆಂಬ ಸಂಕೋಚ ಮುಂದಿತ್ತು. ಹಿಂದೆ ಮನೆಯವರು ಕಾಣುವುದು, ಇಂಟರ್‌ನೆಟ್ ಸಾಲದಿರುವುದು ಜೊತೆಗಿದ್ದವು. ಕ್ಯಾಮೆರಾ ಕಡ್ಡಾಯ ಮಾಡಬೇಡಿ, ಏಕೆ ಹಾಕಿದರೆ ಒಳ್ಳೆಯದೆಂದು ವಿವರಿಸಿ ಪ್ರೋತ್ಸಾಹಿಸಿ ಎಂಬುದು ಅವರ ಸಲಹೆ. 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಯಾವ ಕೆಲಸಕ್ಕೆ ಯಂತ್ರದ ನೆರವು ಪಡೆಯಬಹುದು, ಯಾವುದಕ್ಕೆ ಕೂಡದು, ಪಡೆದರೆ ಹೇಗೆ ತಿಳಿಸಬೇಕು ಎಂಬ ಹೊಸ ಅಂಶ ಕೋರ್ಸ್‌ನ ಮೊದಲ ಪುಟಕ್ಕೆ ಸೇರಿದೆ. ಅಧ್ಯಾಪಕರು ಉತ್ತರ ತಿದ್ದಲು ಅದೇ ಯಂತ್ರ ಬಳಸುವುದಾದರೆ ಅದನ್ನೂ ಹೇಳುವುದು ನ್ಯಾಯ.

ಇಂದಿನ ತಿಳಿವಳಿಕೆ

ಇಷ್ಟೆಲ್ಲದರಿಂದ ಮೂಡಿರುವ ಸಹಮತವನ್ನು ಕೆಲವು ಸೂತ್ರಗಳಲ್ಲಿ ಹೇಳಬಹುದು. ಮೊದಲನೆಯದು ನಿಖರತೆ. ‘ಚರ್ಚೆಯಲ್ಲಿ ಸಕ್ರಿಯವಾಗಿ ಭಾಗವಹಿಸಿ’ ಎಂದರೆ ಹೊಸ ವಿದ್ಯಾರ್ಥಿಗೆ ಏನೂ ತಿಳಿಯುವುದಿಲ್ಲ. ‘ಬುಧವಾರ ರಾತ್ರಿಯೊಳಗೆ ಸುಮಾರು 150 ಪದಗಳಲ್ಲಿ ನಿಮ್ಮ ಅಭಿಪ್ರಾಯ ಬರೆಯಿರಿ, ಭಾನುವಾರದೊಳಗೆ ಇಬ್ಬರು ಸಹಪಾಠಿಗಳ ಬರಹಕ್ಕೆ ಕಾರಣ ಕೊಟ್ಟು ಪ್ರತಿಕ್ರಿಯಿಸಿ’ ಎಂದರೆ ಕೆಲಸ ಕಣ್ಣಮುಂದೆ ನಿಲ್ಲುತ್ತದೆ. ಎರಡನೆಯದು ಕಾರಣ. ಅಮೆರಿಕದ ಮೇರಿ ಆ್ಯನ್ ವಿಂಕಲ್‌ಮಸ್ ಅಸೈನ್‌ಮೆಂಟ್‌ಗಳ ಬಗ್ಗೆ ರೂಪಿಸಿದ ಪಾರದರ್ಶಕತೆಯ ಕ್ರಮದಲ್ಲಿ ಉದ್ದೇಶ, ಕೆಲಸ, ಅಳೆಯುವ ಮಾನದಂಡ ಮೂರನ್ನೂ ಮೊದಲೇ ಹೇಳಬೇಕು. ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದವರಿಗೆ ಇದರಿಂದ ಹೆಚ್ಚು ಪ್ರಯೋಜನ ಎಂಬುದು ಅವರ ತಂಡದ ಅಧ್ಯಯನದಲ್ಲಿ ಕಂಡುಬಂದಿದೆ.

ಮೂರನೆಯದು ಅಧ್ಯಾಪಕರು ಕೊಡುವ ಮಾತು: ಕೆಲಸದ ದಿನಗಳಲ್ಲಿ 24 ಗಂಟೆಯೊಳಗೆ ಉತ್ತರ, ಅಸೈನ್‌ಮೆಂಟ್ ಸಲ್ಲಿಸಿದ ಒಂದು ವಾರದೊಳಗೆ ಅಂಕ ಮತ್ತು ಟಿಪ್ಪಣಿ. ಪಾಲಿಸಲಾಗದ ವೇಗದ ಭರವಸೆಗಿಂತ ಪಾಲಿಸಬಲ್ಲ ನಿಧಾನದ ಭರವಸೆ ಮೇಲು. ನಾಲ್ಕನೆಯದು ಪುನರಾವರ್ತನೆ. ಮೊದಲ ದಿನ ಓದಿದ ನಿಯಮ ಆರನೇ ವಾರಕ್ಕೆ ನೆನಪಿರುವುದಿಲ್ಲ, ಆದ್ದರಿಂದ ಪ್ರತಿ ವಾರದ ಆರಂಭದಲ್ಲಿ ಆ ವಾರದ ಮಟ್ಟಿಗೆ ಬೇಕಾದದ್ದನ್ನು ಮತ್ತೆ ಹೇಳಬೇಕು. ಐದನೆಯದು ಭಾಷೆ. ಪಾಠ ಕನ್ನಡಕ್ಕೆ ಬಂದು ನಿಯಮಗಳ ಪುಟ ಮಾತ್ರ ಇಂಗ್ಲಿಷಿನಲ್ಲೇ ಉಳಿದರೆ, ಕನ್ನಡ ಮಾಧ್ಯಮದಲ್ಲಿ ಓದಿ ಬಂದ ವಿದ್ಯಾರ್ಥಿ ಎಡವುವುದು ವಿಷಯದಲ್ಲಲ್ಲ, ಗಡುವಿನಲ್ಲಿ.

ನಿಯಮಪಟ್ಟಿ ಉದ್ದವಾದಷ್ಟೂ ಸ್ಪಷ್ಟತೆ ಹೆಚ್ಚುತ್ತದೆ ಎಂದಲ್ಲ. ಶಿಕ್ಷೆಯ ಸೂಚನೆಗಳೇ ತುಂಬಿದ ಪುಟ ಓದಿದ ವಿದ್ಯಾರ್ಥಿ ಸಹಾಯ ಕೇಳಲೂ ಹಿಂಜರಿಯಬಹುದು. ತಡವಾದರೆ ಎಷ್ಟು ಅಂಕ ಹೋಗುತ್ತದೆಂದು ಹೇಳುವ ಪುಟದಲ್ಲಿಯೇ, ಕಾಯಿಲೆಯೋ ವಿದ್ಯುತ್ ಕಡಿತವೋ ಆದಾಗ ಯಾರನ್ನು ಸಂಪರ್ಕಿಸಬೇಕು, ಎಷ್ಟು ದಿನದ ರಿಯಾಯಿತಿ ಸಿಗುತ್ತದೆ ಎಂಬುದೂ ಇರಬೇಕು. ಅಧ್ಯಾಪಕರ ಮತ್ತು ವಿದ್ಯಾರ್ಥಿಗಳ ಹೊಣೆಗಳು ಒಂದೇ ಪುಟದಲ್ಲಿ ಒಂದೇ ಗಾಂಭೀರ್ಯದಿಂದ ಕಾಣಿಸಿಕೊಂಡಾಗ ಆ ಬರಹ ಆಜ್ಞೆಯಾಗಿ ಉಳಿಯದೆ ಒಪ್ಪಂದವಾಗುತ್ತದೆ.