ರಾಯಣ್ಣನ ಪದ ಕೇಳಿದ ರಾತ್ರಿ

ಬೈಲಹೊಂಗಲ ತಾಲೂಕಿನ ಒಂದು ಹಳ್ಳಿಯ ಜಾತ್ರೆ. ರಾತ್ರಿ ಊಟ ಮುಗಿಸಿ ಗೆಳೆಯರೊಂದಿಗೆ ನಾವು ಗುಡಿಯ ಮುಂದಿನ ಬಯಲಿಗೆ ಹೋದಾಗ ಗೀಗೀ ಮೇಳದವರು ದಪ್ಪನ್ನು ಬೆಂಕಿಗೆ ಹಿಡಿದು ಕಾಯಿಸುತ್ತಿದ್ದರು. "ಬರ್ರಿ ಸಾಹೇಬ್ರ, ಮುಂದ ಕುಂಡ್ರ್ರಿ" ಎಂದು ಮೇಳದ ಹಿರಿಯರು ಕಂಬಳಿ ಸರಿಸಿ ಜಾಗ ಮಾಡಿಕೊಟ್ಟರು.

ಮಧ್ಯರಾತ್ರಿಯವರೆಗೆ ಹರದೇಶಿ–ನಾಗೇಶಿ ವಾದ ನಡೆಯಿತು. ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂಬ ಆ ಹಳೆಯ ಜಗಳದಲ್ಲಿ ಜನ ನಕ್ಕು ಹಗುರಾದರು. ಬಳಿಕ ಯಾರೋ ಕೂಗಿದರು: "ರಾಯಣ್ಣನ ಪದಾ ಹಚ್ಚರಿ!" ದಪ್ಪು, ತುಂತುಣಿ, ತಾಳ ಒಂದಾದವು. ಕಥೆಯ ಕೊನೆ ಎಲ್ಲರಿಗೂ ಗೊತ್ತು. ಆದರೂ ನಂದಗಡದ ಗಲ್ಲು ಬಂದಾಗ ಬಯಲಿನಲ್ಲಿ ಒಬ್ಬರೂ ಮಾತಾಡಲಿಲ್ಲ.

ಇತಿಹಾಸ ಹೇಳುವುದಿಷ್ಟು. 1824ರ ಅಕ್ಟೋಬರ್ 23ರಂದು ಕಿತ್ತೂರಿನಲ್ಲಿ ಕಲೆಕ್ಟರ್ ಥ್ಯಾಕರೆ ಹತನಾದ. ಡಿಸೆಂಬರಿನಲ್ಲಿ ಕೋಟೆ ಬಿತ್ತು. ರಾಣಿ ಚೆನ್ನಮ್ಮ ಬೈಲಹೊಂಗಲದಲ್ಲಿ ಸೆರೆಯಾಳಾಗಿಯೇ 1829ರಲ್ಲಿ ತೀರಿಕೊಂಡರು. ಮರುವರ್ಷ ಸಂಗೊಳ್ಳಿಯ ರಾಯಣ್ಣ ದಂಗೆಯೆದ್ದು ಬೀಡಿಯ ಕಚೇರಿ ಸುಟ್ಟ. ರೈತನ ಹೊಲ ಕಸಿಯುವ ಲೆಕ್ಕಗಳು ಇದ್ದದ್ದು ಕಚೇರಿಯ ಕಾಗದದಲ್ಲೇ ಅಲ್ಲವೇ? 1831ರಲ್ಲಿ ಅವನನ್ನು ನಂದಗಡದಲ್ಲಿ ಗಲ್ಲಿಗೇರಿಸಿದರು.

ಇಲ್ಲಿ ಒಂದು ವಿಚಿತ್ರವಿದೆ. ಅವನನ್ನು ಕೊಂದ ಸರಕಾರದ್ದೇ ಅಧಿಕಾರಿ ಜಾನ್ ಫೇತ್‌ಫುಲ್ ಫ್ಲೀಟ್ ಈ ಸೀಮೆಯ ಲಾವಣಿಗಳನ್ನು ಕಲೆಹಾಕಿ, 1880ರ ದಶಕದಲ್ಲಿ 'ಇಂಡಿಯನ್ ಆ್ಯಂಟಿಕ್ವರಿ' ಪತ್ರಿಕೆಯಲ್ಲಿ ಇಂಗ್ಲಿಷ್ ಅನುವಾದದೊಂದಿಗೆ ಅಚ್ಚು ಮಾಡಿಸಿದ. ರಾಯಣ್ಣ, ಹಲಗಲಿಯ ಬೇಡರು, ಸಂಗ್ಯಾ, ಅಷ್ಟೇ ಏಕೆ, ಇನ್‌ಕಮ್ ಟ್ಯಾಕ್ಸಿನ ಮೇಲಿನ ಪದವೂ ಅದರಲ್ಲಿತ್ತು. ಕಾಗದ ಸುಟ್ಟವನ ಕಥೆಯನ್ನು ಮೊದಲು ಉಳಿಸಿದ್ದು ಓದುಬರಹ ಬಾರದವರ ನಾಲಿಗೆ. ಆಮೇಲೆ ಪರದೇಶಿಯ ಕಾಗದ.

ಹಾಗಾದರೆ ನಾವೇನು ಮಾಡುತ್ತಿದ್ದೆವು? ಉರ್ದು ಶಾಲೆಯಲ್ಲಿ ಗಜಲ್ ಕಲಿತೆವು, ಕನ್ನಡ ಶಾಲೆಯಲ್ಲಿ ನವೋದಯದ ಕವಿತೆ ಬಾಯಿಪಾಠ ಮಾಡಿದೆವು. ಪದ ಹಾಡುವವರನ್ನು ಎರಡೂ ಕಡೆ ಯಾರೂ ಕವಿಯೆಂದು ಹೇಳಿಕೊಡಲಿಲ್ಲ. ಚಿಕ್ಕಂದಿನಲ್ಲಿ ಜಾತ್ರೆಗೆ ಹೊರಟರೆ ಮನೆಯಲ್ಲಿ "ಅದು ನಮ್ದಲ್ಲ" ಎನ್ನುತ್ತಿದ್ದರು. ಹಲಸಂಗಿಯ ಖಾಜಾಭಾಯಿ ಎಂಬ ಲಾವಣಿಕಾರನ ಹೆಸರನ್ನು ನಾವು ಕೇಳಿದ್ದು ನಲವತ್ತರ ಹತ್ತಿರ ಬಂದಮೇಲೆ. ಮೊಹರಮ್ಮಿನ ರಿವಾಯತ ಪದ ನಮ್ಮ ಕಿವಿಗೆ ಬೀಳುತ್ತಿತ್ತು. ಕರ್ಬಲದ ದುಃಖವನ್ನು ಹಾಡುವವರಲ್ಲಿ ಲಿಂಗಾಯತರೂ ಕುರುಬರೂ ಇದ್ದರು. ಅವರಿಗೆ ಅದು "ನಮ್ದಲ್ಲ" ಎನಿಸಲಿಲ್ಲ. ರಾಯಣ್ಣನನ್ನು ಯಾರೋ ನಮ್ಮಿಂದ ಕಸಿದರೆಂದು ದೂರುವ ಮೊದಲು, ನಾವೇ ಬಯಲಿನಿಂದ ಎದ್ದುಬಂದೆವೇನೋ ಎಂದು ಕೇಳಿಕೊಳ್ಳುವುದು ಒಳ್ಳೆಯದು.

ಬೆಳಗಿನ ಜಾವ ಚಹಾ ಕುಡಿಯುತ್ತ ಹಿರಿಯರನ್ನು ಕೇಳಿದೆವು: "ಅಜ್ಜಾರ, ನಿಮ್ಮ ಹಿಂದ ಯಾರು ಹಾಡವರು?"

"ಮಗ ಪುಣ್ಯಾದಾಗ ದುಡೀತಾನ್ರಿ. ನನ್ನ ಪದಾ ಎಲ್ಲಾ ಮೊಬೈಲ್‌ನ್ಯಾಗ ತುಂಬಿಕೊಂಡಾನ. ಆದರ ಸಾಹೇಬ್ರ, ಪದಾ ಅಂದ್ರ ಮುಂದ ಒಬ್ಬಾಂವ ಎತ್ತಬೇಕು, ಹಿಂದ ಇಬ್ಬರು 'ಗೀ' ಅನ್ನಬೇಕು. ಮೊಬೈಲಿನ ಹಿಂದ ನಿಂತು ಯಾರು ಅಂತಾರ?"

ನಮ್ಮಲ್ಲಿ ಉತ್ತರವಿರಲಿಲ್ಲ. ಅಜ್ಜ ದಪ್ಪನ್ನು ಬಟ್ಟೆಯಲ್ಲಿ ಸುತ್ತಿ ಕಂಕುಳಲ್ಲಿಟ್ಟುಕೊಂಡು, "ಮುಂದಿನ ವರ್ಷಾನೂ ಬರ್ರಿ. ಬರೇ ಕೇಳಾಕ ಬ್ಯಾಡ್ರಿ, ಹಿಂದ ನಿಂದ್ರಾಕ ಬರ್ರಿ" ಎಂದರು. ಸವದತ್ತಿಯ ಮೊದಲ ಬಸ್ಸು ಬಂತು. ಹತ್ತಿ ಕುಳಿತೆವು, ದಾರಿಯುದ್ದಕ್ಕೂ ಆ 'ಗೀ' ನಮ್ಮ ಬಾಯಲ್ಲಿ ಬಂದು ಬಂದು ನಿಲ್ಲುತ್ತಿತ್ತು.